ಕಲ್ಲಿದ್ದಲು ಗ್ಯಾಸಿಫಿಕೇಶನ್ ರಿಸರ್ಚಿಗೆ ಸರ್ಕಾರದ ದುಡ್ಡು: ಬಳ್ಳಾರಿ, ರಾಯಚೂರು, ಕೊಪ್ಪಳದ ಕಾಲೇಜಿನೋರು ಅರ್ಜಿ ಹಾಕೋದು ಹೆಂಗೆ

ರಾಯಚೂರಿನ ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್, ಯರಮರಸ್‌ನಲ್ಲಿ 800ರ ಎರಡು ಯೂನಿಟ್, ಇಲ್ಲಿ ಕುಡತಿನಿಯಲ್ಲಿ 1,700, ಅದರ ಮೇಲೆ ತೋರಣಗಲ್ಲಿನ ಸ್ಟೀಲ್ ಪ್ಲಾಂಟು, ಬಳ್ಳಾರಿಯಿಂದ ಕೊಪ್ಪಳದ ಗಿಣಿಗೇರಾ ತನಕ ಸ್ಪಾಂಜ್ ಐರನ್ (ಅದಿರನ್ನ ಕರಗಿಸದೆ ಅದರ ಆಕ್ಸಿಜನ್ ಕಿತ್ತು ಮಾಡಿದ ಕಬ್ಬಿಣ) ಮಾಡೋ ಕಿಲ್ನುಗಳು. ಇಡೀ ಕರ್ನಾಟಕದಲ್ಲಿ ಒಂದೂ ಕಲ್ಲಿದ್ದಲು ಗಣಿ ಇಲ್ಲ, ಆದ್ರೆ ರಾಜ್ಯಕ್ಕೆ ಬರೋ ಕಲ್ಲಿದ್ದಲಿನ ದೊಡ್ಡ ಪಾಲು ಉರಿಯೋದು ಈ ಮೂರು ಜಿಲ್ಲೇಲೇ. ಧೂಳು ನಮಗೆ, ಹಾರುಬೂದಿ ನಮಗೆ. ಅದೇ ಕಲ್ಲಿದ್ದಲನ್ನ ಸುಡೋ ಬದಲು ಗ್ಯಾಸ್ ಮಾಡಿ ಬಳಸೋ ತಂತ್ರಜ್ಞಾನ ಇನ್ನೂ ಕ್ಲೀನ್ ಆಗಲಿ, ಇನ್ನೂ ಅಗ್ಗ ಆಗಲಿ ಅಂತ ಸರ್ಕಾರ ರಿಸರ್ಚಿಗೆ ದುಡ್ಡು ಇಟ್ಟೈತೆ, ಆದ್ರೆ ಆ ಮಾತು ತೆಗೆದ ತಕ್ಷಣ ನಮ್ಮ ಕಾಲೇಜು ಸ್ಟಾಫ್ ರೂಮಲ್ಲಿ "ಅದೆಲ್ಲ ಐಐಟಿಯೋರಿಗೆ, ಧನ್‌ಬಾದ್‌ನೋರಿಗೆ ಬಿಡ್ರಿ ಸರ್" ಅಂತಾರೆ.

ಬಿಡಬೇಡ್ರಿ. ಯಾವ ಬಾಗಿಲು ತಟ್ಟಬೇಕು, ಅಲ್ಲಿ ಹೋಗಿ ಏನು ಕೇಳಬೇಕು ಅಂತ ಗೊತ್ತಿದ್ರೆ ನಮ್ಮ ಕಡೆ ಖಾಸಗಿ ಇಂಜಿನಿಯರಿಂಗ್ ಕಾಲೇಜಿನ ಅಸಿಸ್ಟೆಂಟ್ ಪ್ರೊಫೆಸರೂ ಅರ್ಜಿ ಹಾಕಬಹುದು. ಇದನ್ನ ಅಂಥವರಿಗೆ ಅಂತಾನೇ ಬರೀತಿದೀನಿ, ಜೊತೆಗೆ ಎಂಟೆಕ್, ಪಿಎಚ್‌ಡಿ ಹುಡುಗ್ರು ಹುಡುಗೀರಿಗೆ. ನಾನು ಹೇಳೋದು ಮುಖ್ಯವಾಗಿ ಒಂದೇ: ದೊಡ್ಡ ಪ್ಲಾಂಟ್ ಕಟ್ತೀವಿ ಅಂತ ಬರೆದು ಕಳಿಸಬೇಡ್ರಿ, ಬೂದಿ ಬಗ್ಗೆ ಒಂದು ಸಣ್ಣ, ಅಳತೆಗೆ ಸಿಗೋ ಪ್ರಶ್ನೆ ಹಿಡೀರಿ. ಯಾಕೆ ಬೂದಿ ಅಂತ ಮುಂದೆ ಲೆಕ್ಕ ಹಾಕಿ ತೋರಿಸ್ತೀನಿ.

ಗ್ಯಾಸಿಫಿಕೇಶನ್ ನಮ್ಮ ಊರಿಗೆ ಹೊಸದಲ್ಲ

ಕಲ್ಲಿದ್ದಲಿಗೆ ಪೂರ್ತಿ ಉರಿಯೋಕೆ ಬೇಕಾದಷ್ಟು ಗಾಳಿ ಕೊಡದೆ, ಕಮ್ಮಿ ಆಕ್ಸಿಜನ್ನು ಮತ್ತೆ ಸ್ಟೀಮ್ ಕೊಟ್ಟು ಬಿಸಿ ಮಾಡಿದ್ರೆ ಕಾರ್ಬನ್ ಮೊನಾಕ್ಸೈಡು, ಹೈಡ್ರೋಜನ್ನು ಇರೋ ಗ್ಯಾಸ್ ಬರ್ತೈತೆ. ಅದೇ ಸಿನ್‌ಗ್ಯಾಸ್. ಅದರಿಂದ ಮೆಥನಾಲ್ ಮಾಡಬಹುದು, ಅಮೋನಿಯಾ ಮಾಡಿ ಯೂರಿಯಾ ಮಾಡಬಹುದು, ಕಬ್ಬಿಣದ ಅದಿರನ್ನ ಸ್ಪಾಂಜ್ ಐರನ್ ಮಾಡಬಹುದು. ಆಕ್ಸಿಜನ್ ಬದಲು ಬರೀ ಗಾಳಿ ಕೊಟ್ರೆ ಅರ್ಧದಷ್ಟು ನೈಟ್ರೋಜನ್ನೇ ತುಂಬಿಕೊಂಡು ಗ್ಯಾಸಿನ ಶಕ್ತಿ ಇಳಿದುಹೋಗ್ತೈತೆ, ಅದಕ್ಕೆ ಪ್ರೊಡ್ಯೂಸರ್ ಗ್ಯಾಸ್ ಅಂತಾರೆ, ಫರ್ನೇಸಿಗೆ ಸಾಕು, ಕೆಮಿಕಲ್ ಮಾಡೋಕೆ ಸಾಲಲ್ಲ.

ತೋರಣಗಲ್ಲಿನ ಸ್ಟೀಲ್ ಪ್ಲಾಂಟಲ್ಲಿ ಕಲ್ಲಿದ್ದಲಿಂದ ಕಬ್ಬಿಣ ಕರಗಿಸೋ ಕೋರೆಕ್ಸ್ ಘಟಕದ ಹೊಟ್ಟೆಯಲ್ಲಿರೋದು ಮೆಲ್ಟರ್ ಗ್ಯಾಸಿಫೈಯರ್ರೇ. ಆಕ್ಸಿಜನ್ ಊದಿ ಕಲ್ಲಿದ್ದಲನ್ನ ಗ್ಯಾಸ್ ಮಾಡ್ತಾರೆ, ಆ ಗ್ಯಾಸು ಮೇಲಿನ ಶಾಫ್ಟಲ್ಲಿ ಅದಿರನ್ನ ರಿಡ್ಯೂಸ್ ಮಾಡ್ತೈತೆ (ಅಂದ್ರೆ ಅದರ ಆಕ್ಸಿಜನ್ ಕಿತ್ತು ಕಬ್ಬಿಣ ಮಾಡ್ತೈತೆ), ಉಳಿದ ಗ್ಯಾಸು ಕರೆಂಟಿಗೆ ಹೋಗ್ತೈತೆ. 1999ರಿಂದಲೇ ಅದು ಅಲ್ಲಿ ಶುರುವಾಗಿದ್ದು. 2021ರಲ್ಲಿ ಕೊರೊನಾ ಎರಡನೇ ಅಲೆ ಬಂದಾಗ ಬಳ್ಳಾರಿಯಿಂದ ಟ್ಯಾಂಕರ್ ಟ್ಯಾಂಕರ್ ಆಕ್ಸಿಜನ್ ಹೋಯ್ತಲ್ಲ, ಅದು ಬಂದಿದ್ದು ಸ್ಟೀಲ್ ಕಾರ್ಖಾನೆಗೆ ಅಂತ ಇರೋ ಆಕ್ಸಿಜನ್ ಪ್ಲಾಂಟುಗಳಿಂದ. ಗ್ಯಾಸಿಫಿಕೇಶನ್‌ನಲ್ಲಿ ದುಬಾರಿ ಆಗೋ ಭಾಗಗಳಲ್ಲಿ ಆಕ್ಸಿಜನ್ ಪ್ಲಾಂಟೂ ಒಂದು. ಹಂಗಾಗಿ "ನಮ್ಮ ಜಿಲ್ಲೇಲಿ ಯಾಕೆ ಈ ರಿಸರ್ಚು" ಅಂತ ದುಡ್ಡು ಮಂಜೂರು ಮಾಡೋ ಕಮಿಟಿ ಕೇಳಿದ್ರೆ ಉತ್ತರ ನಿಮ್ಮ ಕೈಯಲ್ಲೇ ಐತೆ, ಪ್ರಪೋಸಲ್‌ನ ಮೊದಲ ಪುಟದಲ್ಲೇ ಬರೀರಿ.

ದುಡ್ಡು ಎಲ್ಲೆಲ್ಲಿ ಐತೆ, ನಮಗೆ ಯಾವುದು

ಪೇಪರಲ್ಲಿ ದೊಡ್ಡದಾಗಿ ಬಂದಿದ್ದು 8,500 ಕೋಟಿಯ ಸ್ಕೀಮು. 2024ರ ಜನವರಿಯಲ್ಲಿ ಕೇಂದ್ರ ಕ್ಯಾಬಿನೆಟ್ ಒಪ್ಪಿದ್ದು, 2030ರೊಳಗೆ ವರ್ಷಕ್ಕೆ 10 ಕೋಟಿ ಟನ್ ಕಲ್ಲಿದ್ದಲು ಗ್ಯಾಸಿಫೈ ಮಾಡಬೇಕು ಅನ್ನೋ ಗುರಿಗೆ. ಅದರಲ್ಲಿ ಮೂರು ಕೆಟಗರಿ. ಮೊದಲನೇದು 4,050 ಕೋಟಿ, ಸರ್ಕಾರಿ ಕಂಪನಿಗಳಿಗೆ. ಎರಡನೇದು 3,850 ಕೋಟಿ, ಖಾಸಗಿಯವರಿಗೂ ಸರ್ಕಾರಿಯವರಿಗೂ. ಮೂರನೇದು 600 ಕೋಟಿ, ದೇಸಿ ತಂತ್ರಜ್ಞಾನದ ಡೆಮಾನ್‌ಸ್ಟ್ರೇಶನ್ ಮತ್ತೆ ಸಣ್ಣ ಪ್ಲಾಂಟುಗಳಿಗೆ. "ಸಣ್ಣ" ಅಂತ ನೋಡಿ ನಮ್ಮೋರು ಆಸೆ ಪಡ್ತಾರೆ, ಆದ್ರೆ ಆ ಸಣ್ಣದಕ್ಕೂ ಕನಿಷ್ಠ 100 ಕೋಟಿ ಬಂಡವಾಳ ಹೂಡಿರಬೇಕು, ಗಂಟೆಗೆ ಕನಿಷ್ಠ 1,500 ನಾರ್ಮಲ್ ಕ್ಯೂಬಿಕ್ ಮೀಟರ್ ಸಿನ್‌ಗ್ಯಾಸ್ ತೆಗೀಬೇಕು, ಸರ್ಕಾರ ಕೊಡೋದು ಬಂಡವಾಳದ ಶೇ 15 ಅಥವಾ 100 ಕೋಟಿ, ಎರಡರಲ್ಲಿ ಯಾವುದು ಕಮ್ಮಿನೋ ಅದು. ಇದು ಕಂಪನಿಗಳ ಆಟ. ಕಾಲೇಜಿನೋರು ಅದರ ಟೆಂಡರ್ ಕಾಗದ ಓದ್ಕೊಳ್ರಿ, ಸರ್ಕಾರಕ್ಕೆ ಏನು ಬೇಕಾಗೈತೆ ಅನ್ನೋದು ಅದರಲ್ಲಿ ಕಾಣ್ತೈತೆ, ಅಷ್ಟೇ.

ಹಂಗೇ 1 ಲಕ್ಷ ಕೋಟಿಯ ಆರ್‌ಡಿಐ (ರಿಸರ್ಚ್, ಡೆವಲಪ್‌ಮೆಂಟ್, ಇನ್ನೊವೇಶನ್) ಫಂಡ್ ಅಂತ 2025ರಲ್ಲಿ ಬಂತು. ಅದೂ ಗ್ರ್ಯಾಂಟಲ್ಲ, ಮುಖ್ಯವಾಗಿ ಕಮ್ಮಿ ಬಡ್ಡಿ ಅಥವಾ ಬಡ್ಡಿ ಇಲ್ಲದ ದೀರ್ಘ ಸಾಲ, ಅದೂ ಟಿಆರ್‌ಎಲ್ (ತಂತ್ರಜ್ಞಾನ ಬಳಕೆಗೆ ಎಷ್ಟು ರೆಡಿ ಐತೆ ಅಂತ 1ರಿಂದ 9ರ ತನಕ ಹೇಳೋ ಅಳತೆ) 4 ಅಥವಾ ಅದಕ್ಕಿಂತ ಮೇಲಿರೋ ಕೆಲಸಕ್ಕೆ, ಅಂದ್ರೆ ಲ್ಯಾಬಲ್ಲಿ ಒಮ್ಮೆ ಕೆಲಸ ಮಾಡಿ ತೋರಿಸಿರೋ ತಂತ್ರಜ್ಞಾನಕ್ಕೆ, ಖಾಸಗಿ ಕಂಪನಿಗಳನ್ನ ಮನಸಲ್ಲಿಟ್ಟು ಮಾಡಿದ್ದು. ನಮ್ಮ ಹಂತ ಅದಲ್ಲ.

ನಮಗೆ ಸಿಗೋ ಬಾಗಿಲುಗಳು ಬೇರೆ. ಮೊದಲನೇದು ಕಲ್ಲಿದ್ದಲು ಮಂತ್ರಾಲಯದ ಎಸ್ ಅಂಡ್ ಟಿ (ಸೈನ್ಸ್ ಅಂಡ್ ಟೆಕ್ನಾಲಜಿ) ಗ್ರ್ಯಾಂಟ್ ಐತೆ, ಮೇಲೆ ಕಲ್ಲಿದ್ದಲು ಕಾರ್ಯದರ್ಶಿ ಅಧ್ಯಕ್ಷರಾಗಿರೋ ಎಸ್‌ಎಸ್‌ಆರ್‌ಸಿ (ಸ್ಟ್ಯಾಂಡಿಂಗ್ ಸೈಂಟಿಫಿಕ್ ರಿಸರ್ಚ್ ಕಮಿಟಿ) ಅನ್ನೋ ಕಮಿಟಿ, ಕೆಳಗಿಂದ ಪ್ರಪೋಸಲ್ ತಗೊಂಡು ತಾಂತ್ರಿಕ ಪರಿಶೀಲನೆ ನಡೆಸೋದು ರಾಂಚಿಯ ಸಿಎಂಪಿಡಿಐ, ಅಂದ್ರೆ ಕೋಲ್ ಇಂಡಿಯಾದ ಪ್ಲಾನಿಂಗ್ ಮತ್ತೆ ಡಿಸೈನ್ ಸಂಸ್ಥೆ. ಕೋಲ್ ಇಂಡಿಯಾದ ಸ್ವಂತ ಆರ್ ಅಂಡ್ ಡಿ ಬೋರ್ಡಿನ ದುಡ್ಡೂ ಅದೇ ಸಿಎಂಪಿಡಿಐ ಮೂಲಕಾನೇ ನಡೀತೈತೆ. ಎರಡನೇದು ನಮ್ಮ ಬೆಂಗಳೂರಿನ ಸಿಪಿಆರ್‌ಐ (ಸೆಂಟ್ರಲ್ ಪವರ್ ರಿಸರ್ಚ್ ಇನ್‌ಸ್ಟಿಟ್ಯೂಟ್), ವಿದ್ಯುತ್ ಮಂತ್ರಾಲಯದ ರಿಸರ್ಚ್ ಸ್ಕೀಮ್ ಆನ್ ಪವರ್ ಅನ್ನೋದನ್ನ ನಡೆಸೋದು ಇವರು, ಥರ್ಮಲ್ ಪ್ಲಾಂಟಿಗೆ ಸಂಬಂಧ ಇರೋ ಪ್ರಶ್ನೆ ಆದ್ರೆ ಇಲ್ಲಿ ಹಾಕ್ರಿ. ಮೂರನೇದು ಉಕ್ಕು ಮಂತ್ರಾಲಯದ ಆರ್ ಅಂಡ್ ಡಿ ಸ್ಕೀಮು, ಸಿನ್‌ಗ್ಯಾಸಿನಿಂದ ಸ್ಪಾಂಜ್ ಐರನ್ ಮಾಡೋ ವಿಷಯ ಆದ್ರೆ ಬಳ್ಳಾರಿ ಕೊಪ್ಪಳದೋರಿಗೆ ಇದಕ್ಕಿಂತ ಹತ್ತಿರದ್ದು ಇನ್ನೊಂದಿಲ್ಲ. ನಾಲ್ಕನೇದು ಎಲ್ಲ ವಿಷಯದ ರಿಸರ್ಚಿಗೂ ದುಡ್ಡು ಕೊಡೋ ಕೇಂದ್ರದ ಎಎನ್‌ಆರ್‌ಎಫ್ (ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್), ಹಿಂದೆ ಎಸ್‌ಇಆರ್‌ಬಿ ಅಂತಿದ್ರಲ್ಲ ಅದೇ, 2023ರ ಕಾಯ್ದೆ ಆದ ಮೇಲೆ ಹೆಸರೂ ರೂಪಾನೂ ಬದಲಾಯ್ತು. ಎಸ್‌ಇಆರ್‌ಬಿ ಕಾಲದಲ್ಲೇ ರಾಜ್ಯದ ಯೂನಿವರ್ಸಿಟಿಗಳಿಗೆ, ಖಾಸಗಿ ಕಾಲೇಜುಗಳಿಗೆ ಅಂತಾನೇ ಶ್ಯೂರ್ ಅನ್ನೋ ಸ್ಕೀಮ್ ಶುರು ಮಾಡಿದ್ರು, ಐಐಟಿಯೋರು ಅದರಲ್ಲಿ ಪೈಪೋಟಿಗೆ ಬರಲ್ಲ.

ರಾಜ್ಯದ ಮಟ್ಟದಲ್ಲಿ ವಿಜಿಎಸ್‌ಟಿ (ವಿಷನ್ ಗ್ರೂಪ್ ಆನ್ ಸೈನ್ಸ್ ಅಂಡ್ ಟೆಕ್ನಾಲಜಿ) ಐತೆ, ಮತ್ತೆ ಐಐಎಸ್ಸಿ ಕ್ಯಾಂಪಸ್ಸಲ್ಲಿರೋ ಕೆಎಸ್‌ಸಿಎಸ್‌ಟಿಯ (ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ) ಸ್ಟೂಡೆಂಟ್ ಪ್ರಾಜೆಕ್ಟ್ ಪ್ರೋಗ್ರಾಂ. ಇದು ಸಣ್ಣ ದುಡ್ಡು, ಆದ್ರೆ ನನ್ನ ಪ್ರಕಾರ ಮೊದಲು ಇದನ್ನೇ ಹಿಡೀಬೇಕು. ಫೈನಲ್ ಇಯರ್ ಹುಡುಗ್ರ ಒಂದು ಬ್ಯಾಚ್ ಕೈಯಲ್ಲಿ ಕೆಎಸ್‌ಸಿಎಸ್‌ಟಿ ದುಡ್ಡಲ್ಲಿ ನಾಲ್ಕು ತರದ ಕಲ್ಲಿದ್ದಲಿನ ಅನಾಲಿಸಿಸ್ ಮಾಡಿಸಿ ಇಟ್ಕೊಂಡ್ರೆ, ಮುಂದಿನ ವರ್ಷ ಸಿಎಂಪಿಡಿಐಗೋ ಸಿಪಿಆರ್‌ಐಗೋ ಹೋಗುವಾಗ ನಿಮ್ಮ ಕೈ ಖಾಲಿ ಇರಲ್ಲ. ಕೈಯಲ್ಲಿ ಡೇಟಾ ಇಟ್ಕೊಂಡು ಬಂದೋರ ಮಾತಿಗೆ ಅಲ್ಲಿ ತೂಕ ಬೇರೆನೇ.

ಬೂದಿನೇ ಯಾಕೆ

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ನಮ್ಮ ದೇಶದ ಕಲ್ಲಿದ್ದಲಲ್ಲಿ ಬೂದಿ ಶೇ 35, 40, ಕೆಲವು ಸಲ ಅದಕ್ಕೂ ಜಾಸ್ತಿ. ವಿದೇಶದಲ್ಲಿ ಹೆಸರು ಮಾಡಿದ ಗ್ಯಾಸಿಫೈಯರ್‌ಗಳಲ್ಲಿ ಬಹಳಷ್ಟು ಬೂದಿಯನ್ನ ಕರಗಿಸಿ ಸ್ಲ್ಯಾಗ್ ಮಾಡಿ ಹೊರಗೆ ಹಾಕೋ ಜಾತಿಯವು. ನಮ್ಮ ಬೂದಿಯಲ್ಲಿ ಸಿಲಿಕಾ, ಅಲ್ಯುಮಿನಾ ತುಂಬಿರೋದ್ರಿಂದ ಅದು ಸುಲಭಕ್ಕೆ ಕರಗಲ್ಲ, 1,400 ಡಿಗ್ರಿ ದಾಟಿದ್ರೂ ಜಗ್ಗಲ್ಲ. ಅಷ್ಟು ಬೂದಿಯನ್ನ ಕರಗಿಸೋಕೇ ಆಕ್ಸಿಜನ್ ಸುರೀಬೇಕು. ಅದಕ್ಕೇ ನಮ್ಮೋರು ಫ್ಲೂಯಿಡೈಸ್ಡ್ ಬೆಡ್ (ಕೆಳಗಿಂದ ಊದೋ ಗ್ಯಾಸಲ್ಲಿ ಪುಡಿ ಕಲ್ಲಿದ್ದಲು ತೇಲಾಡೋ ಜಾತಿ) ಕಡೆ ಹೋಗಿದ್ದು, ಅಲ್ಲಿ 900, 1,000 ಡಿಗ್ರಿ ಆಸುಪಾಸಲ್ಲಿ ಬೂದಿ ಕರಗದಂಗೆ ನೋಡ್ಕೊಂಡು ನಡೆಸ್ತಾರೆ. ಹೈದರಾಬಾದಿನ ಬಿಎಚ್‌ಇಎಲ್‌ನಲ್ಲಿ ಇದೇ ದಾರಿಯಲ್ಲಿ ಜಾಸ್ತಿ ಬೂದಿಯ ಕಲ್ಲಿದ್ದಲಿಂದ ದಿನಕ್ಕೆ 0.25 ಟನ್ ಮೆಥನಾಲ್ ಮಾಡೋ ಪೈಲಟ್ ಪ್ಲಾಂಟ್ ಮಾಡಿದ್ರು, 2022ರ ಜನವರಿಯಲ್ಲಿ ಉದ್ಘಾಟನೆ ಆಯ್ತು. ಅದಕ್ಕೆ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ (ಡಿಎಸ್‌ಟಿ) ಕೊಟ್ಟಿದ್ದು 10 ಕೋಟಿ. ನೋಡ್ರಿ, ಬಿಎಚ್‌ಇಎಲ್‌ನಂಥ ಕಂಪನಿಗೇ ದಿನಕ್ಕೆ ಕಾಲು ಟನ್ನಿಗೆ ಇಷ್ಟು ಬೇಕಾಯ್ತು, ಕಾಲೇಜಿಂದ "ದಿನಕ್ಕೆ 5 ಟನ್ ಪ್ಲಾಂಟ್ ಮಾಡ್ತೀವಿ, 40 ಲಕ್ಷ ಕೊಡ್ರಿ" ಅಂತ ಬರೆದ್ರೆ ಕಮಿಟಿಯೋರು ಎರಡನೇ ಪುಟ ತಿರುಗಿಸಲ್ಲ.

ಬೂದಿ ಜಾಸ್ತಿ ಇದ್ರೆ ಏನಾಗ್ತೈತೆ ಅಂತ ಒಂದು ಸಣ್ಣ ಲೆಕ್ಕ. ಗಂಟೆಗೆ 10 ಕಿಲೋ ಕಲ್ಲಿದ್ದಲು ಹಾಕ್ತೀರಿ ಅಂತಿಟ್ಕೊಳ್ರಿ, ಅದರಲ್ಲಿ ಬೂದಿ ಶೇ 40, ಕಾರ್ಬನ್ನೂ ಶೇ 40. ಅಂದ್ರೆ 4 ಕಿಲೋ ಬೂದಿ, 4 ಕಿಲೋ ಕಾರ್ಬನ್. ಹೊರಗೆ ಬರೋ ಬೂದಿಯಲ್ಲಿ ಶೇ 15 ಕಾರ್ಬನ್ ಉಳ್ಕೊಂಡಿದ್ರೆ ಹೊರಬಿದ್ದಿದ್ದು ಒಟ್ಟು 4.7 ಕಿಲೋ, ಅದರಲ್ಲಿ 0.7 ಕಿಲೋ ಕಾರ್ಬನ್ ವ್ಯರ್ಥ. ಕಾರ್ಬನ್ ಕನ್ವರ್ಶನ್, ಅಂದ್ರೆ ಹಾಕಿದ ಕಾರ್ಬನ್ನಲ್ಲಿ ಗ್ಯಾಸ್ ಆಗಿದ್ದು, ಶೇ 82ಕ್ಕೆ ನಿಲ್ತು. ಈಗ ಅದೇ 10 ಕಿಲೋ ಒಳ್ಳೆ ಆಮದು ಕಲ್ಲಿದ್ದಲು ತಗೊಳ್ರಿ, ಬೂದಿ ಶೇ 10, ಕಾರ್ಬನ್ ಶೇ 65. ಹೊರಬರೋ ಬೂದಿಯಲ್ಲಿ ಅದೇ ಶೇ 15 ಕಾರ್ಬನ್ ಇದ್ರೂ ವ್ಯರ್ಥ ಆಗಿದ್ದು 0.18 ಕಿಲೋ ಮಾತ್ರ, ಕನ್ವರ್ಶನ್ ಶೇ 97. ಮಷೀನು ಅದೇ, ನಡೆಸೋನು ಅವನೇ, ಬೂದಿಯೊಂದೇ ಬೇರೆ. ನಮ್ಮ ಕಲ್ಲಿದ್ದಲಲ್ಲಿ ಆ ಶೇ 15ನ್ನ ಶೇ 5ಕ್ಕೆ ಇಳಿಸಿದ್ರೆ ಕನ್ವರ್ಶನ್ ಶೇ 82ರಿಂದ ಶೇ 95ರ ಹತ್ತಿರ ಬರ್ತೈತೆ. ಅಗ್ಗ ಅನ್ನೋದು ಎಲ್ಲಿಂದ ಬರ್ತೈತೆ ಅಂತ ಯಾರಾದ್ರೂ ಕೇಳಿದ್ರೆ ಈ ಲೆಕ್ಕ ಬೋರ್ಡ್ ಮೇಲೆ ಬರೆದು ತೋರಿಸ್ರಿ.

ನಮ್ಮ ನೆಲದ ಪ್ರಶ್ನೆ

ಬೂದಿಯ ಜೊತೆಗೆ ನಮ್ಮ ಕಡೆ ಇನ್ನೊಂದು ಐತೆ. ಗಂಗಾವತಿ, ಸಿಂಧನೂರು ಕಡೆ ರೈಸ್ ಮಿಲ್ಲಿನ ಹೊಟ್ಟು, ರಾಯಚೂರು ಸುತ್ತಮುತ್ತ ಹತ್ತಿ ಕಿತ್ತ ಮೇಲೆ ಹೊಲದಲ್ಲೇ ಸುಡೋ ಹತ್ತಿ ಕಟ್ಟಿಗೆ. ಕಲ್ಲಿದ್ದಲಿನ ಜೊತೆ ಇವನ್ನ ಸೇರಿಸಿ ಗ್ಯಾಸಿಫೈ ಮಾಡೋದಕ್ಕೆ ಕೋ-ಗ್ಯಾಸಿಫಿಕೇಶನ್ ಅಂತಾರೆ. ಸುಮ್ಮನೆ "ಬಯೋಮಾಸ್ ಸೇರಿಸ್ತೀವಿ, ಪರಿಸರಕ್ಕೆ ಒಳ್ಳೇದು" ಅಂತ ಬರೆದ್ರೆ ಅದು ರಿಸರ್ಚ್ ಪ್ರಶ್ನೆ ಆಗಲ್ಲ. ಹಿಂಗೆ ಕೇಳ್ರಿ: ಹತ್ತಿ ಕಟ್ಟಿಗೆ ಬೂದಿಯಲ್ಲಿ ಪೊಟ್ಯಾಷಿಯಂ ಇರ್ತೈತೆ, ಪೊಟ್ಯಾಷಿಯಂ ಇದ್ರೆ ಚಾರ್ (ಬಿಸಿಗೆ ಆವಿಯೆಲ್ಲ ಹೋಗಿ ಉಳಿದ ಇದ್ದಿಲು) ಬೇಗ ಗ್ಯಾಸ್ ಆಗ್ತೈತೆ, ಅದು ಕ್ಯಾಟಲಿಸ್ಟ್ ತರ ಕೆಲಸ ಮಾಡ್ತೈತೆ. ಆದ್ರೆ ನಮ್ಮ ಕಲ್ಲಿದ್ದಲಿನ ಬೂದಿಯಲ್ಲಿರೋ ಅಲ್ಯುಮಿನಾ ಸಿಲಿಕಾ ಆ ಪೊಟ್ಯಾಷಿಯಂನ ಹಿಡ್ಕೊಂಡು ಅಲ್ಯುಮಿನೋಸಿಲಿಕೇಟ್ ಮಾಡಿಬಿಡ್ತೈತೆ, ಆಮೇಲೆ ಅದು ಕೆಲಸಕ್ಕೆ ಬರಲ್ಲ. ಹಂಗಾದ್ರೆ ಶಕ್ತಿನಗರಕ್ಕೆ ಬರೋ ಕಲ್ಲಿದ್ದಲಿಗೆ ಎಷ್ಟು ಪಾಲು ಹತ್ತಿ ಕಟ್ಟಿಗೆ ಸೇರಿಸಿದ್ರೆ ಪೊಟ್ಯಾಷಿಯಂ ಉಳ್ಕೊಂಡು ಲಾಭ ಕೊಡ್ತೈತೆ, ಎಷ್ಟು ದಾಟಿದ್ರೆ ಬೂದಿ ಮೆತ್ತಗಾಗಿ ಬೆಡ್ಡಲ್ಲಿ ಗಂಟು ಕಟ್ಟೋಕೆ ಶುರು ಆಗ್ತೈತೆ? ಇದು ಅಳೆಯೋಕೆ ಬರ್ತೈತೆ, ಮೂರು ವರ್ಷದಲ್ಲಿ ಮುಗೀತೈತೆ, ಒಂದು ಥರ್ಮೋಗ್ರಾವಿಮೆಟ್ರಿಕ್ ಅನಲೈಸರ್ (ಬಿಸಿ ಮಾಡ್ತಾ ತೂಕ ಎಷ್ಟು ಬದಲಾಗ್ತೈತೆ ಅಂತ ಅಳೆಯೋ ಮಷೀನು) ಮತ್ತೆ ಒಂದು ಚಿಕ್ಕ ರಿಯಾಕ್ಟರ್ ಇದ್ರೆ ಸಾಕು. ಹೊಟ್ಟಿನ ಬೂದಿ ಬಹುಪಾಲು ಸಿಲಿಕಾನೇ, ಹಂಗಾಗಿ ಅದರ ಗುಣ ಬೇರೆ, ಎರಡನ್ನೂ ಹೋಲಿಸಿ ನೋಡಿದ್ರೆ ಇನ್ನೂ ಚೆನ್ನಾಗಿರೋ ಕೆಲಸ ಆಗ್ತೈತೆ. ರಾಯಚೂರಲ್ಲಿ ಕೃಷಿ ವಿಶ್ವವಿದ್ಯಾಲಯ ಐತೆ, ಹತ್ತಿ ಕಟ್ಟಿಗೆ ಬಗ್ಗೆ ಅಲ್ಲಿನೋರನ್ನ ಕೋ-ಪಿಐ (ಜೊತೆ ಸಂಶೋಧಕರು) ಮಾಡ್ಕೊಳ್ರಿ. ಗ್ಯಾಸಿಫೈಯರ್ ಡಿಸೈನ್ ಬಗ್ಗೆ ಐಐಎಸ್ಸಿಯೋರು ಎಷ್ಟೋ ವರ್ಷದಿಂದ ಬಯೋಮಾಸ್ ಗ್ಯಾಸಿಫೈಯರ್ ಮೇಲೆ ಕೆಲಸ ಮಾಡಿದಾರೆ, ಅಲ್ಲಿ ಒಬ್ಬರ ಹತ್ರ ಸಲಹೆಗಾರರಾಗಿ ಇರ್ತೀರಾ ಅಂತ ಕೇಳೋಕೆ ಸಂಕೋಚ ಪಡಬೇಡ್ರಿ.

ಬರೆಯೋಕೆ ಮುಂಚೆ ಸ್ಯಾಂಪಲ್ ತನ್ರಿ

ಪ್ರಪೋಸಲ್ ಬರೆಯೋಕೆ ಕೂರೋ ಮೊದಲು ಪ್ಲಾಂಟಿಗೆ ಪತ್ರ ಕೊಡ್ರಿ. ಶಕ್ತಿನಗರ, ಕುಡತಿನಿ ಆದ್ರೆ ಕರ್ನಾಟಕ ವಿದ್ಯುತ್ ನಿಗಮ (ಕೆಪಿಸಿಎಲ್), ಯರಮರಸ್ ಆದ್ರೆ ರಾಯಚೂರು ಪವರ್ ಕಾರ್ಪೊರೇಶನ್ (ಆರ್‌ಪಿಸಿಎಲ್). ಪ್ರಿನ್ಸಿಪಾಲರ ಸಹಿ ಹಾಕಿಸಿ, ಎಷ್ಟು ಕಿಲೋ ಕಲ್ಲಿದ್ದಲು ಬೇಕು, ಯಾಕೆ ಬೇಕು, ರಿಸಲ್ಟ್ ಅವರಿಗೂ ಕೊಡ್ತೀವಿ ಅಂತ ಒಂದೇ ಪುಟದಲ್ಲಿ ಬರೀರಿ. ಅದೇ ಪತ್ರದ ಉತ್ತರ ಮುಂದೆ ಪ್ರಪೋಸಲ್ಲಿಗೆ ಇಂಡಸ್ಟ್ರಿ ಸಪೋರ್ಟ್ ಲೆಟರ್ ಆಗ್ತೈತೆ. ಅಲ್ಲಿ ಕೋಲ್ ಲ್ಯಾಬಲ್ಲಿ ಇರೋ ಕೆಮಿಸ್ಟುಗಳ ಜೊತೆ ಮಾತಾಡ್ರಿ, ಯಾವ ಗಣಿಯ ರೇಕ್ (ಕಲ್ಲಿದ್ದಲು ತರೋ ಗೂಡ್ಸ್ ರೈಲು) ಬಂದಾಗ ಏನು ತೊಂದರೆ ಅಂತ ಅವರಿಗೆ ಗೊತ್ತಿರೋಷ್ಟು ಯಾವ ಜರ್ನಲ್ ಪೇಪರಲ್ಲೂ ಇರಲ್ಲ.

ಸ್ಯಾಂಪಲ್ ತಗೊಳ್ಳೋದು ಹೆಂಗೆ ಅನ್ನೋದನ್ನ ಹುಡುಗ್ರಿಗೆ ನೀವೇ ನಿಂತು ತೋರಿಸ್ರಿ, ಇಲ್ಲಿ ಕೆಟ್ರೆ ಮುಂದಿನದೆಲ್ಲ ಕೆಡ್ತೈತೆ. ರಾಶಿಯ ಮೇಲಿಂದ ಕೈಗೆ ಸಿಕ್ಕಿದ ಎರಡು ಹೆಂಟೆ ಚೀಲಕ್ಕೆ ಹಾಕೊಂಡು ಬರೋದು ಸ್ಯಾಂಪಲ್ ಅಲ್ಲ. ಬೇರೆ ಬೇರೆ ಕಡೆಯಿಂದ ತೆಗೆದು, ಪುಡಿ ಮಾಡಿ, ತಗಡಿನ ಮೇಲೆ ಗೋಪುರದಂಗೆ ಸುರಿದು, ಮೇಲೆ ಒತ್ತಿ ಚಪ್ಪಟೆ ಮಾಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ತೆಗೆದುಹಾಕಿ, ಉಳಿದ ಎರಡನ್ನ ಮತ್ತೆ ಕಲಸಿ ಮತ್ತೆ ಗೋಪುರ. ಹಿಂಗೆ ಮಾಡ್ತಾ ಮಾಡ್ತಾ ಒಂದು ಕಿಲೋಗೆ ಇಳಿಸಿ, ಕೊನೆಗೆ 212 ಮೈಕ್ರಾನ್ ಜರಡಿಯಲ್ಲಿ ಇಳಿಯೋ ಹಂಗೆ ಅರೀಬೇಕು. ಆಮೇಲೆ ಕಲ್ಲಿದ್ದಲು ಟೆಸ್ಟಿಗೆ ಇರೋ ಭಾರತೀಯ ಸ್ಟ್ಯಾಂಡರ್ಡ್ ಐಎಸ್ 1350 ಪ್ರಕಾರ ಒಂದೊಂದು ಗ್ರಾಂ ತೂಗಿ, ತೇವಾಂಶಕ್ಕೆ 108 ಡಿಗ್ರಿ, ವೊಲಟೈಲ್ ಮ್ಯಾಟರಿಗೆ (ಬಿಸಿಗೆ ಆವಿಯಾಗಿ ಹೋಗೋ ಭಾಗ) ಮುಚ್ಚಳ ಹಾಕಿದ ಕ್ರೂಸಿಬಲ್ಲಲ್ಲಿ 900 ಡಿಗ್ರಿಗೆ ಸರಿಯಾಗಿ 7 ನಿಮಿಷ, ಬೂದಿಗೆ 815 ಡಿಗ್ರಿ. ಇಷ್ಟಕ್ಕೆ ಒಂದು ಮಫಲ್ ಫರ್ನೇಸು, ಒಂದು ಓವನ್ನು, ಒಂದು ಒಳ್ಳೆ ತಕ್ಕಡಿ ಸಾಕು, ನಮ್ಮ ಬಹುತೇಕ ಕಾಲೇಜಲ್ಲಿ ಕೆಮಿಸ್ಟ್ರಿ ಅಥವಾ ಮೆಟಲರ್ಜಿ ಲ್ಯಾಬಲ್ಲಿ ಇದ್ದೇ ಇರ್ತಾವೆ. ರಿಸಲ್ಟ್ ಬರೆಯುವಾಗ ಅದು ಏರ್ ಡ್ರೈಡ್ (ಗಾಳಿಗೆ ಒಣಗಿಸಿದ ಮೇಲಿನ) ಲೆಕ್ಕವೋ, ಆಸ್ ರಿಸೀವ್ಡ್ (ಬಂದಾಗ ಇದ್ದ ತೇವದ ಸಮೇತ) ಲೆಕ್ಕವೋ ಅಂತ ಪ್ರತಿ ಟೇಬಲ್ ಮೇಲೂ ಬರೀರಿ. ಮಳೆಗಾಲದಲ್ಲಿ ಬಂದ ರೇಕಿಗೂ ಏಪ್ರಿಲ್‌ನಲ್ಲಿ ಬಂದ ರೇಕಿಗೂ ಇದೊಂದರಲ್ಲೇ ಎಷ್ಟೋ ವ್ಯತ್ಯಾಸ ಬರ್ತೈತೆ, ಕಮಿಟಿಯಲ್ಲಿ ಕೂತಿರೋ ಕಲ್ಲಿದ್ದಲಿನೋರು ಮೊದಲು ಕಣ್ಣು ಹಾಯಿಸೋದೂ ಅಲ್ಲಿಗೇ.

ಪ್ರಪೋಸಲ್ ಬರೆಯೋದು

ಟೈಟಲ್ಲಲ್ಲಿ ಕಲ್ಲಿದ್ದಲಿನ ಹೆಸರು, ಏನು ಅಳೀತೀರಿ ಅನ್ನೋದು ಎರಡೂ ಇರಲಿ. ಆಬ್ಜೆಕ್ಟಿವ್ ಮೂರಕ್ಕಿಂತ ಜಾಸ್ತಿ ಬೇಡ. "ಅಧ್ಯಯನ ಮಾಡುವುದು" ಅಂತ ಬರೆದು ನಿಲ್ಲಿಸಬೇಡ್ರಿ, "ಬೂದಿಯಲ್ಲಿ ಉಳಿಯೋ ಕಾರ್ಬನ್ ಶೇ 5ಕ್ಕೆ ಇಳಿಸೋ ಮಿಶ್ರಣ ಮತ್ತೆ ತಾಪಮಾನ ಕಂಡುಹಿಡಿಯೋದು" ಅಂತ ಬರೀರಿ. ಯಾವ ಟಿಆರ್‌ಎಲ್‌ನಿಂದ ಯಾವ ಟಿಆರ್‌ಎಲ್‌ಗೆ ಅಂತ ಕೇಳ್ತಾರೆ, 2ರಿಂದ 4ರ ತನಕ ಅಂದ್ರೆ ನಂಬ್ತಾರೆ, 3ರಿಂದ 8 ಅಂದ್ರೆ ನಂಬಲ್ಲ.

ಅಗ್ಗ ಅನ್ನೋಕೂ ಕ್ಲೀನ್ ಅನ್ನೋಕೂ ಅಂಕಿ ಕೊಡ್ರಿ. ಅಗ್ಗಕ್ಕೆ: ಕಾರ್ಬನ್ ಕನ್ವರ್ಶನ್, ಕೋಲ್ಡ್ ಗ್ಯಾಸ್ ಎಫಿಷಿಯೆನ್ಸಿ (ಕಲ್ಲಿದ್ದಲಿನ ಶಕ್ತಿಯಲ್ಲಿ ತಣ್ಣಗಾದ ಗ್ಯಾಸಲ್ಲಿ ಉಳಿದ ಪಾಲು), ಒಂದು ಕ್ಯೂಬಿಕ್ ಮೀಟರ್ ಸಿನ್‌ಗ್ಯಾಸಿಗೆ ಎಷ್ಟು ಆಕ್ಸಿಜನ್. ಕ್ಲೀನಿಗೆ: ಗ್ಯಾಸಲ್ಲಿ ಎಷ್ಟು ಟಾರು, ತೊಳೆದ ನೀರಲ್ಲಿ ಎಷ್ಟು ಫೀನಾಲು, ಧೂಳೆಷ್ಟು, ಬೂದಿ ಎಲ್ಲಿಗೆ ಹೋಗ್ತೈತೆ. ಈ ಕ್ಲೀನ್ ಭಾಗವನ್ನ ನಮ್ಮ ಕಡೆಯೋರು ಎರಡು ಸಾಲಲ್ಲಿ ಮುಗಿಸ್ತಾರೆ, ಅದು ಸರಿಯಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. 2025ರ ಫೆಬ್ರವರಿಯಲ್ಲಿ ಕೊಪ್ಪಳದಲ್ಲಿ ಕಾರ್ಖಾನೆ ವಿಸ್ತರಣೆ ಬೇಡ ಅಂತ ಊರಿಗೆ ಊರೇ ಬೀದಿಗೆ ಇಳೀತು, ಮಠದ ಸ್ವಾಮಿಗಳೂ ಜೊತೆಗೆ ನಡೆದ್ರು. ಆ ಜನರ ಮನೆ ಅಂಗಳದಲ್ಲಿ ಕಪ್ಪು ಧೂಳು ಕೂರೋದು ನಿಜ. ಅವರ ಮುಂದೆ ನಿಂತು ನಮ್ಮ ರಿಸರ್ಚಿಂದ ನಿಮ್ಮ ನೀರು ಕೆಡಲ್ಲ ಅಂತ ಅಂಕಿ ಇಟ್ಟು ಹೇಳೋಕೆ ಬರಬೇಕು. ಕಲ್ಲಿದ್ದಲು ಹೆಂಟೆ ಒಂದರ ಮೇಲೊಂದು ಕೂತು ನಿಧಾನಕ್ಕೆ ಇಳಿಯೋ ಫಿಕ್ಸೆಡ್ ಬೆಡ್ ಗ್ಯಾಸಿಫೈಯರಲ್ಲಿ ಟಾರು, ಫೀನಾಲ್ ನೀರು ಜಾಸ್ತಿ ಬರ್ತೈತೆ, ಫ್ಲೂಯಿಡೈಸ್ಡ್ ಬೆಡ್ಡಲ್ಲಿ ಕಮ್ಮಿ, ಆದ್ರೆ ಪೂರ್ತಿ ಇಲ್ಲ ಅಂತ ಅಲ್ಲ. ಸಂಸ್ಕರಣೆ ಹೆಂಗೆ ಅನ್ನೋದನ್ನ ವಿಧಾನದ ಭಾಗದಲ್ಲೇ ಬರೀರಿ.

ಇಂಗಾಲದ ಡೈಆಕ್ಸೈಡ್ ಬಗ್ಗೆ ಸುಳ್ಳು ಬರೀಬೇಡ್ರಿ. ಗ್ಯಾಸಿಫಿಕೇಶನ್ ಮಾಡಿದ ಮಾತ್ರಕ್ಕೆ ಸಿಒ2 ಮಾಯ ಆಗಲ್ಲ, ಕಲ್ಲಿದ್ದಲಲ್ಲಿದ್ದ ಕಾರ್ಬನ್ ಎಲ್ಲೋ ಒಂದು ಕಡೆ ಹೋಗಲೇಬೇಕು. ಲಾಭ ಏನಂದ್ರೆ ಚಿಮಣಿ ಹೊಗೆಯಲ್ಲಿ ನೈಟ್ರೋಜನ್ ಜೊತೆ ತೆಳ್ಳಗೆ ಕಲಸಿಹೋಗೋ ಬದಲು ಇಲ್ಲಿ ಗಟ್ಟಿಯಾಗಿ, ಒತ್ತಡದಲ್ಲಿ ಸಿಗ್ತೈತೆ, ಹಿಡಿಯೋದು ಸುಲಭ. ಅಮೆರಿಕಾದ ನಾರ್ತ್ ಡಕೋಟಾದಲ್ಲಿ ಗ್ರೇಟ್ ಪ್ಲೇನ್ಸ್ ಅಂತ 1984ರಿಂದ ಲಿಗ್ನೈಟ್ ಕಲ್ಲಿದ್ದಲಿಂದ ಗ್ಯಾಸ್ ಮಾಡೋ ಪ್ಲಾಂಟ್ ಐತೆ, 2000ದಿಂದ ಅಲ್ಲಿನ ಸಿಒ2ನ ಪೈಪಲ್ಲಿ ಕೆನಡಾದ ಎಣ್ಣೆ ಬಾವಿಗಳಿಗೆ ಕಳಿಸ್ತಾರೆ. ಅದೂ ಶುರುವಿನಲ್ಲಿ ಸಾಲ ಕಟ್ಟೋಕಾಗದೆ ಸರ್ಕಾರದ ಕೈಗೆ ಬಂದು, 1988ರಲ್ಲಿ ಬೇರೆಯವರಿಗೆ ಮಾರಾಟ ಆಗಿ, ಆಮೇಲೆ ಉಳ್ಕೊಂಡಿದ್ದು. ಇನ್ನೊಂದು ಕಡೆ ಮಿಸಿಸಿಪ್ಪಿಯ ಕೆಂಪರ್ ಪ್ಲಾಂಟು: ಅಲಬಾಮಾದ ಸಣ್ಣ ಟೆಸ್ಟ್ ಘಟಕದಲ್ಲಿ ಸರ್ಕಾರದ ರಿಸರ್ಚ್ ದುಡ್ಡಿಂದ ಬೆಳೆದ ಗ್ಯಾಸಿಫೈಯರ್‌ನ ಒಂದೇ ಏಟಿಗೆ ಸುಮಾರು 580 ಮೆಗಾವ್ಯಾಟಿಗೆ ಹಿಗ್ಗಿಸಿದ್ರು, ವೆಚ್ಚ 700 ಕೋಟಿ ಡಾಲರ್ ದಾಟ್ತು, 2017ರ ಜೂನಲ್ಲಿ ಗ್ಯಾಸಿಫಿಕೇಶನ್ ನಿಲ್ಲಿಸಿ ನ್ಯಾಚುರಲ್ ಗ್ಯಾಸಲ್ಲೇ ನಡೆಸೋಕೆ ನಿರ್ಧಾರ ಆಯ್ತು. ಕಮಿಟಿಯೋರಿಗೆ ಈ ಕಥೆ ಗೊತ್ತಿರ್ತೈತೆ. ಸಣ್ಣದರಿಂದ ದೊಡ್ಡದಕ್ಕೆ ಹೋಗೋ ಮೆಟ್ಟಿಲು ಯಾವ್ಯಾವು ಅಂತ ನಿಮ್ಮ ಪ್ರಪೋಸಲ್ಲಲ್ಲಿ ಒಂದು ಪ್ಯಾರಾ ಇದ್ರೆ ಅವರ ಮುಖ್ಯ ಭಯಕ್ಕೆ ನೀವೇ ಮುಂಚೆ ಉತ್ತರ ಕೊಟ್ಟಂಗೆ.

ಬಜೆಟ್

ಇಲ್ಲಿ ಎಲ್ಲರೂ ಅವಸರ ಮಾಡ್ತಾರೆ. ಮೊದಲು ಜಿಎಸ್‌ಟಿ: ಸಂಶೋಧನಾ ಸಂಸ್ಥೆಗಳು ತಗೊಳ್ಳೋ ಉಪಕರಣಕ್ಕೆ ಮೊದಲಿದ್ದ ಶೇ 5ರ ರಿಯಾಯಿತಿ 2022ರ ಜುಲೈನಿಂದ ಇಲ್ಲ, ಈಗ ಸಾಮಾನ್ಯವಾಗಿ ಶೇ 18. ಕೊಟೇಶನ್‌ನಲ್ಲಿ ಟ್ಯಾಕ್ಸ್ ಸೇರೈತಾ ನೋಡ್ರಿ, ಸೇರಿಸದೆ ಬರೆದ್ರೆ ಆ ದುಡ್ಡು ಆಮೇಲೆ ಯಾರೂ ಕೊಡಲ್ಲ. ಜೆಆರ್‌ಎಫ್‌ಗೆ (ಜೂನಿಯರ್ ರಿಸರ್ಚ್ ಫೆಲೋ, ಪ್ರಾಜೆಕ್ಟಲ್ಲಿ ಸಂಬಳಕ್ಕೆ ಕೆಲಸ ಮಾಡೋ ಸಂಶೋಧಕ) 2023ರ ಜನವರಿಯಿಂದ ತಿಂಗಳಿಗೆ 37,000, ಮೇಲೆ ಎಚ್‌ಆರ್‌ಎ, ಹಳೇ 31,000 ಬರೆದ ಫಾರ್ಮು ಇನ್ನೂ ಓಡಾಡ್ತಾವೆ, ಅದನ್ನ ಕಾಪಿ ಹೊಡೀಬೇಡ್ರಿ.

ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಬೇಕೇ ಬೇಕು, ಇಲ್ಲಾಂದ್ರೆ ಗ್ಯಾಸಲ್ಲಿ ಏನೈತೆ ಅಂತ ಗೊತ್ತಾಗಲ್ಲ. ಆದ್ರೆ ದುಬಾರಿ ಮಷೀನ್ ಎಲ್ಲ ನಿಮ್ಮಲ್ಲೇ ಬೇಕು ಅಂತ ಹಠ ಬೇಡ, ಬೂದಿಯ ಹರಳು ರಚನೆ ನೋಡೋ ಎಕ್ಸ್‌ಆರ್‌ಡಿ, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಎಸ್‌ಇಎಂ ಟೆಸ್ಟ್ ಹೊರಗೆ ಮಾಡಿಸೋಕೆ ಅನಾಲಿಸಿಸ್ ಚಾರ್ಜ್ ಅಂತ ಹಾಕ್ರಿ. ನಮ್ಮ ಕಡೆ ಮೇ ತಿಂಗಳ ಬಿಸಿಲು, ಕರೆಂಟು ಎರಡೂ ಗೊತ್ತಲ್ಲ, ಯುಪಿಎಸ್ಸು, ಎಸಿ ಮೊದಲೇ ಬಜೆಟ್ಟಲ್ಲಿ ಹಾಕದೇ ಹೋದ್ರೆ ಮಷೀನ್ ಬಂದು ಪ್ಯಾಕಿಂಗ್ ಪೆಟ್ಟಿಗೆಯಲ್ಲೇ ಕೂರ್ತೈತೆ.

ಸೇಫ್ಟಿ ದುಡ್ಡನ್ನ ಯಾವ ಕಾರಣಕ್ಕೂ ಕಡಿಮೆ ಮಾಡಬೇಡ್ರಿ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ತಲೆನೋವು ಬಂತು ಅನ್ನೋಷ್ಟರಲ್ಲಿ ಹುಡುಗ ಕೆಳಗೆ ಬಿದ್ದಿರ್ತಾನೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಎಂಟು ಗಂಟೆ ಕೆಲಸಕ್ಕೆ ಮಿತಿ 50 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಗೆ 50 ಪಾಲು) ಅಂತ ಇತ್ತು. ಗೋಡೆಗೆ ಹಾಕೋ ಸಿಒ ಅಲಾರಂ, ಪ್ರತಿಯೊಬ್ಬರ ಜೇಬಿಗೆ ಕ್ಲಿಪ್ ಹಾಕೋ ಡಿಟೆಕ್ಟರು, ಎಕ್ಸಾಸ್ಟ್ ಫ್ಯಾನು, ಉಳಿದ ಗ್ಯಾಸ್ ಸುಡೋಕೆ ಫ್ಲೇರು, ಇವಿಷ್ಟು ಬರೆದು ಒಬ್ಬರೇ ರಾತ್ರಿ ರನ್ ಮಾಡಬಾರದು ಅಂತ ನಿಯಮಾನೂ ಬರೀರಿ.

ದುಡ್ಡು ಬಂದ ಮೇಲೆ

ಟ್ರಸ್ಟ್ ನಡೆಸೋ ಕಾಲೇಜಾದ್ರೆ ಎನ್‌ಜಿಒ ದರ್ಪಣ್ ಪೋರ್ಟಲಲ್ಲಿ ನೋಂದಣಿ ಐತಾ ಅಂತ ಆಫೀಸಲ್ಲಿ ಮೊದಲೇ ಕೇಳ್ರಿ, ಇದು ಇಲ್ದೇ ಮಂಜೂರಾದ ದುಡ್ಡು ಬಿಡುಗಡೆ ಆಗದೆ ನಿಲ್ತೈತೆ. ಸರ್ಕಾರದ ದುಡ್ಡು ಎಲ್ಲಿ ಹೋಯ್ತು ಅಂತ ನೋಡೋ ಪಿಎಫ್‌ಎಂಎಸ್ ಪೋರ್ಟಲಿನ ಅಕೌಂಟೂ ಅಷ್ಟೇ. ಖರೀದಿಗೆ ಜೆಮ್ (ಸರ್ಕಾರಿ ಆನ್‌ಲೈನ್ ಮಾರುಕಟ್ಟೆ) ಪೋರ್ಟಲ್ ನಿಯಮ ನಿಮ್ಮ ಮಂಜೂರಾತಿ ಪತ್ರದಲ್ಲಿ ಏನು ಬರೆದಾರೆ ಅಂತ ಅಕೌಂಟ್ಸ್ ಸೆಕ್ಷನ್‌ನೋರ ಜೊತೆ ಕೂತು ಓದ್ರಿ. ಗ್ರ್ಯಾಂಟ್ ಮೇಲೆ ಬ್ಯಾಂಕಲ್ಲಿ ಬಂದ ಬಡ್ಡಿ ನಿಮ್ಮದಲ್ಲ, ಸರ್ಕಾರಕ್ಕೆ ವಾಪಸ್ ಕಟ್ಟಬೇಕು, ಸರ್ಕಾರಕ್ಕೆ ದುಡ್ಡು ಕಟ್ಟೋ ಭಾರತಕೋಶ್ ಪೋರ್ಟಲ್ ಮೂಲಕ ಕಟ್ಟಿ ರಸೀದಿ ಫೈಲಿಗೆ ಹಾಕ್ರಿ. ಆರ್ಥಿಕ ವರ್ಷ ಮುಗಿದ ಮೇಲೆ ಕೇಂದ್ರದ ಹಣಕಾಸು ನಿಯಮದ (ಜಿಎಫ್‌ಆರ್) 12-ಎ ಫಾರ್ಮಲ್ಲಿ ಯುಟಿಲೈಸೇಶನ್ ಸರ್ಟಿಫಿಕೇಟ್ (ದುಡ್ಡು ಸರಿಯಾಗಿ ಬಳಸಿದೀವಿ ಅನ್ನೋ ಪತ್ರ) ಕಳಿಸ್ರಿ, ಜೊತೆಗೆ ಖರ್ಚಿನ ಸ್ಟೇಟ್‌ಮೆಂಟ್. ನಿಯಮದಲ್ಲಿ ಹನ್ನೆರಡು ತಿಂಗಳ ಟೈಮ್ ಕೊಟ್ಟಿದಾರೆ, ಆದ್ರೆ ಅದು ಹೋಗದೆ ಮುಂದಿನ ಕಂತು ಬರಲ್ಲ, ಕಂತು ತಡ ಆದ್ರೆ ಮೊದಲು ಪೆಟ್ಟು ಬೀಳೋದು ಜೆಆರ್‌ಎಫ್ ಹುಡುಗಿಯ ಸಂಬಳಕ್ಕೆ. ಹಂಗಾಗಿ ಏಪ್ರಿಲ್ ಮೇ ಒಳಗೆ ಮುಗಿಸ್ರಿ, ಆಡಿಟರ್ ಹಿಂದೆ ನೀವೇ ಬೀಳ್ರಿ.

ಪ್ರೆಸೆಂಟೇಶನ್ನಿಗೆ ಕರೆದಾಗ ಹತ್ತು ಸ್ಲೈಡ್ ಸಾಕು, ಅದರಲ್ಲಿ ಒಂದು ನಿಮ್ಮದೇ ಲ್ಯಾಬಲ್ಲಿ ಮಾಡಿದ ಬೂದಿ ಅನಾಲಿಸಿಸ್, ಒಂದು ಮೇಲೆ ಹೇಳಿದ ಕಾರ್ಬನ್ ಲೆಕ್ಕ. ಇಂಗ್ಲಿಷ್ ಸರಾಗ ಬರಲ್ಲ ಅಂತ ಹಿಂಜರಿಯೋ ಹುಡುಗ್ರು ನಮ್ಮಲ್ಲಿ ಬಹಳ ಅದಾರೆ, ಅಂಕಿ ಸರಿ ಇದ್ರೆ ಮೆಲ್ಲಗೆ ಹೇಳಿದ್ರೂ ಕೇಳ್ತಾರೆ. ರಿಜೆಕ್ಟ್ ಆದ್ರೆ ರಿವ್ಯೂ ಕಾಮೆಂಟ್ ಕಳಿಸ್ರಿ ಅಂತ ಮೇಲ್ ಹಾಕಿ ಕೇಳ್ರಿ, ಅದರಲ್ಲಿ ಸ್ಕೇಲ್-ಅಪ್ ಬಗ್ಗೆ ಆಕ್ಷೇಪ ಇದ್ರೆ ಪ್ರಶ್ನೆಯನ್ನ ಇನ್ನೂ ಸಣ್ಣದು ಮಾಡಿ ಅದೇ ಕಡೆ ಮತ್ತೆ ಹಾಕ್ರಿ, ವಿಷಯ ನಮ್ಮ ವ್ಯಾಪ್ತಿಗೆ ಬರಲ್ಲ ಅಂತಿದ್ರೆ ಸಿಎಂಪಿಡಿಐ ಬಿಟ್ಟು ಸಿಪಿಆರ್‌ಐಗೋ ಉಕ್ಕು ಮಂತ್ರಾಲಯಕ್ಕೋ ಹಾಕ್ರಿ. ಅಷ್ಟರ ತನಕ ಸ್ಯಾಂಪಲ್ ಬಾಟಲಿಗಳಿಗೆ ಗಾಳಿ ಆಡದಂಗೆ ಮುಚ್ಚಳ ಬಿಗಿದು, ಗಣಿ, ರೇಕ್ ಬಂದ ತಾರೀಖು, ಯೂನಿಟ್ ನಂಬರ್ ಬರೆದ ಚೀಟಿ ಅಂಟಿಸಿ ಇಡ್ರಿ.